ತಿಪ್ಪೆಯಿಂದ ಎತ್ತಿಕೊಂಡ ಹೆಸರು

ಹಿಂದೂಪುರ
18 ಜುಲೈ 2024

ಕೊಂಡಮ್ಮತ್ತೆಗೆ ಉಮಾದೇವಿ ಮಾಡುವ ನಮಸ್ಕಾರ.

ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ಕಿವಿಗೆ ಗೊಯ್ ಅನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಓಬುಳೇಶ್ ಬಾವನ ಕೈಲಿ ಹೇಳಿಸೋಣವೆಂದರೆ ಅವರು ಹಿಟ್ಟಿನ ಮಿಲ್ಲಿನ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡು ಇನ್ನರ್ಧ ತಾವೇ ಸೇರಿಸಿ ಹೇಳುತ್ತಾರೆ. ನಮ್ಮಕ್ಕ ಪಾವಗಡದ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರ ಈಗಲೂ ಮುತ್ತಿನ ಹಾಗಿದೆ ಎಂದು ಅಪ್ಪ ಹೇಳುತ್ತಿದ್ದರು. ಅದಕ್ಕೇ ಈ ಕಾಗದ.

ಅಪ್ಪ ಹೋಗಿ ಆರು ತಿಂಗಳಾಯಿತು. ಇಲ್ಲಿನ ಮಾಜಿ ಸೈನಿಕರ ಸಂಘದವರು ತೀರಿಕೊಂಡವರ ಹೆಸರುಗಳನ್ನೆಲ್ಲ ಒಂದು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದಾರೆ. ಅಮ್ಮನಿಗೆ ಅದು ಹೇಗೋ ಗೊತ್ತಾಯಿತು. ಬೆಳಿಗ್ಗೆ ಎದ್ದು ಸೀರೆ ಬದಲಾಯಿಸಿ, ನನ್ನ ಟೈಲರ್ ಅಂಗಡಿಯ ಮುಂದೆ ಬಂದು ನಿಂತಳು. ನಡಿ, ಬರೆಸಿ ಬರೋಣ ಅಂದಳು. ಹೋದೆವು. ಸಂಘದ ಕಾರ್ಯದರ್ಶಿ ಗಂಗರಾಜು ಎಂಬವರು, ರಿಟೈರ್ಡ್ ಹವಲ್ದಾರ್, ಒಳ್ಳೆಯ ಮನುಷ್ಯ. ತಿಪ್ಪೇರುದ್ರಪ್ಪ ಎಂಬ ಹೆಸರನ್ನು ಬರೆದುಕೊಂಡು, ವಿಚಾರಿಸಿ ಹೇಳುತ್ತೇನೆ ಅಂದರು. ಹದಿನೈದು ದಿನ ಬಿಟ್ಟು ಕರೆದರು. ಆ ಹೆಸರಿನ ಸಿಪಾಯಿ, ಆ ವರ್ಷಗಳಲ್ಲಿ, ನಮ್ಮ ಕಡೆಯಿಂದ ಸೇರಿದವನು ಯಾವ ರೆಜಿಮೆಂಟಿನ ದಾಖಲೆಯಲ್ಲೂ ಇಲ್ಲವಂತೆ. ಸೈನ್ಯದ ನಂಬರ್ ಇದ್ದರೆ ತಂದುಕೊಡಿ, ಮತ್ತೆ ಹುಡುಕಿಸೋಣ ಅಂದರು.

ನಮ್ಮ ಮನೆಯಲ್ಲಿ ಒಂದು ಚೂರು ಕಾಗದವಿಲ್ಲ. ಅಪ್ಪ ಸಿಪಾಯಿಯಾಗಿದ್ದರು ಅನ್ನುವುದಕ್ಕೆ ಅವರ ಕುಂಟು ನಡಿಗೆ, ಚೌಕವಾಗಿ ಮಡಚಿಡುತ್ತಿದ್ದ ಹಾಸಿಗೆ, ಬಾಗಿಲ ಬಳಿ ಸಾಲಾಗಿ ಜೋಡಿಸುತ್ತಿದ್ದ ಚಪ್ಪಲಿ, ಇಷ್ಟೇ ಸಾಕ್ಷಿ. ಅದನ್ನು ಯಾವ ಆಫೀಸಿಗೆ ತೋರಿಸಲಿ.

ನಿಮ್ಮ ಹತ್ತಿರ ಏನಾದರೂ ಇದೆಯಾ ಅತ್ತೆ? ಇಲ್ಲದಿದ್ದರೆ ಗೊತ್ತಿರುವುದನ್ನಾದರೂ ಹೇಳಿ. ಬೆಳುಗುಪ್ಪದ ಕಡೆ ಊರಿನಲ್ಲಿ ನಾನು ಬೆಳೆಯುವಾಗ ಹುಡುಗರು ನನ್ನನ್ನು ಏನೆಂದು ಕೂಗುತ್ತಿದ್ದರು ಎಂಬುದು ನಿಮಗೆ ಗೊತ್ತು. ಅದು ನಿಜವೋ ಸುಳ್ಳೋ, ಇಷ್ಟು ಗೊತ್ತಾದರೆ ಸಾಕು.

ಅಮ್ಮ ನಿಮ್ಮ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದಾಳೆ.

ಉಮಾದೇವಿ

*

ಕಲ್ಯಾಣದುರ್ಗ
2 ಆಗಸ್ಟ್ 2024

ಅಮ್ಮಣ್ಣಿ ಉಮಾದೇವಿಗೆ,

ಕಾಗದ ಬಂತು. ಇಷ್ಟು ವರ್ಷಕ್ಕೆ ಈ ಮುದುಕಿಗೆ ಕಾಗದ ಬರೆದೆಯಲ್ಲ, ಅದೇ ಸಂತೋಷ. ಮೊಣಕಾಲು ಇದೆ. ಅದು ನನ್ನ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನಾನೂ ಅದನ್ನು ಬಿಟ್ಟು ಹೋಗುವ ಹಾಗಿಲ್ಲ ಎಂದು ಪೋಲಮ್ಮನಿಗೆ ಹೇಳು.

ಓಬುಳೇಶನ ಮಿಲ್ಲಿಗೆ ಹೊಸ ಮೋಟಾರು ಬಂದಿದೆ. ಕಡಲೆಕಾಯಿ ಬಿತ್ತನೆ ಆಯಿತು. ಸೊಸೆ ರಾಗಿ ಸಂಡಿಗೆ ಹಾಕಿದ್ದಾಳೆ, ಯಾರಾದರೂ ಹಿಂದೂಪುರದ ಕಡೆ ಬಂದರೆ ಕಳಿಸುತ್ತೇನೆ. ನಿಮ್ಮಪ್ಪನಿಗೆ ಅದೆಂದರೆ ಪ್ರಾಣ.

ನೀನು ಕೇಳಿದ್ದು ಹಳೆಯ ಮಾತು. ಕಲ್ಲಿನ ಮೇಲೆ ಹೆಸರಿದ್ದರೇನು, ಇಲ್ಲದಿದ್ದರೇನು. ಸಾಯುವವರೆಗೂ ಮರ್ಯಾದೆಯಿಂದ ಬಾಳಿದ, ಮಗಳ ಕೈಲಿ ಗಂಗೆ ಕುಡಿದು ಹೋದ. ಅಷ್ಟು ಸಾಲದೇನಮ್ಮ? ನನ್ನ ಹತ್ತಿರ ಯಾವ ನಂಬರೂ ಇಲ್ಲ. ಅದನ್ನೆಲ್ಲ ಕೆದಕಬೇಡ ಕಣಮ್ಮ.

ಪೋಲಮ್ಮನ್ನ ಹೆಚ್ಚು ಓಡಾಡಿಸಬೇಡ.

ನಿನ್ನ ಅತ್ತೆ ಕೊಂಡಮ್ಮ

*

ಹಿಂದೂಪುರ
11 ಆಗಸ್ಟ್ 2024

ಅತ್ತೆಯವರಿಗೆ,

ಸಂಡಿಗೆಯ ಸುದ್ದಿ ಬರೆದಿರಿ, ಮೋಟಾರಿನ ಸುದ್ದಿ ಬರೆದಿರಿ. ನಾನು ಕೇಳಿದ್ದಕ್ಕೆ ಕೆದಕಬೇಡ ಅಂದಿರಿ. ಅಂದರೆ ನನಗೆ ಅರ್ಥವಾಯಿತು.

ಅಪ್ಪ ಸೈನ್ಯದಿಂದ ಓಡಿಬಂದರು. ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿ ಏನೋ ಮುಚ್ಚಿಟ್ಟರು. ಊರಿನ ಹುಡುಗರು ಹೇಳುತ್ತಿದ್ದದ್ದು ಇದನ್ನೇ. ‘ಓಡ್ಬಂದ ಸಿಪಾಯಿ ಮಗ್ಳು’ ಎಂದು ಕೂಗಿ ಬೇಲಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಮೊದಲು ಬೇರೆ ಹೆಸರಿತ್ತಂತೆ, ಪೊಲೀಸರಿಗೆ ಸಿಗಬಾರದೆಂದು ಹೆಸರು ಬದಲಾಯಿಸಿಕೊಂಡನಂತೆ ಎಂದೂ ಯಾರೋ ಹೇಳಿದ್ದರು. ಅದನ್ನು ನಾನು ನಂಬಿರಲಿಲ್ಲ. ಈಗ ದಾಖಲೆಯಲ್ಲಿ ಹೆಸರೇ ಇಲ್ಲ ಅಂದ ಮೇಲೆ ನಂಬದೆ ಏನು ಮಾಡಲಿ?

ನನಗೆ ಇಪ್ಪತ್ತು ವರ್ಷವಾಗಿದ್ದಾಗ ಇದೇ ಮಾತಿನಿಂದ ಒಂದು ಸಂಬಂಧ ತಪ್ಪಿತು. ಅವತ್ತು ನಾನೂ ಅಪ್ಪನಿಗೆ ಒಂದು ಮಾತು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಮ್ಮ ಆಗಸ್ಟ್ ಹದಿನೈದಕ್ಕೆ ಆ ಕಲ್ಲು ನೋಡಲು ಹೋಗುತ್ತಾಳಂತೆ. ಹೆಸರಿಲ್ಲ ಎಂದು ನಾನು ಹೇಗೆ ಹೇಳಲಿ, ಯಾಕೆ ಇಲ್ಲ ಎಂದು ಹೇಗೆ ಹೇಳಲಿ? ಅದನ್ನಾದರೂ ಹೇಳಿಕೊಡಿ.

ಉಮಾದೇವಿ

*

ಕಲ್ಯಾಣದುರ್ಗ
20 ಅಕ್ಟೋಬರ್ 2024

ಅಮ್ಮಣ್ಣಿ,

ಎರಡು ತಿಂಗಳು ನಿನ್ನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಓಡಿಬಂದ ಎಂದು ನೀನೇ ನಿನ್ನ ಕೈಯಾರೆ ಬರೆದಿದ್ದೀಯಲ್ಲ, ಅದು ನನಗೆ ಚುಚ್ಚಿಬಿಟ್ಟಿತು. ಊರಿನವರು ಅಂದರೆ ಅನ್ನಲಿ. ನೀನು ಅನ್ನಬಾರದು.

ಕೂತುಕೊಂಡು ಓದು. ಅರ್ಧಕ್ಕೆ ನಿಲ್ಲಿಸಬೇಡ.

ಯುದ್ಧ ನಡೆದದ್ದು ಎಪ್ಪತ್ತೊಂದರ ಡಿಸೆಂಬರಿನಲ್ಲಿ. ನಿಮ್ಮಪ್ಪನಿಗೆ ಆಗ ಇಪ್ಪತ್ತೆರಡು, ಮದುವೆಯಾಗಿರಲಿಲ್ಲ. ನಾನು ತವರಿನಲ್ಲೇ ಇದ್ದೆ. ಒಂದು ದಿನ ಮಧ್ಯಾಹ್ನ ಪೋಸ್ಟಿನ ಓಬಳಪ್ಪ ಸೈಕಲ್ಲಿನಲ್ಲಿ ಬಂದ. ಅಂಗಿಯ ಜೇಬಿನಲ್ಲಿ ತಂತಿ. ಆಗೆಲ್ಲ ನಮ್ಮ ಕಡೆ ಸಾವಿನ ಕಾಗದದ ಒಂದು ಮೂಲೆ ಹರಿದು ಕಳಿಸುತ್ತಿದ್ದರು. ಅದನ್ನು ಹೊಸ್ತಿಲ ಒಳಗೆ ತರಬಾರದು. ಹೊರಗೇ ಓದಿ, ಹೊರಗೇ ಹರಿದುಹಾಕಬೇಕು. ಓಬಳಪ್ಪನ ಜೇಬಿನಲ್ಲಿ ಬೀಗದ ಕೈಗೆ ಸಿಕ್ಕಿಯೋ ಏನೋ, ಆ ತಂತಿಯ ಮೂಲೆ ಹರಿದಿತ್ತು. ನಮ್ಮವ್ವ ನೋಡಿದ್ದು ಆ ಮೂಲೆಯನ್ನೊಂದೇ. ಅಲ್ಲೇ ಕುಸಿದಳು. ನಮ್ಮಪ್ಪ ತಂತಿಯನ್ನು ಓದಿಸಲೂ ಇಲ್ಲ. ಓದಿಸೋಣವೆಂದರೆ ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಬೆಳುಗುಪ್ಪಕ್ಕೆ ಹೋಗಬೇಕಿತ್ತು. ಹರಿದು ಚೂರು ಚೂರು ಮಾಡಿ ಬೇಲಿಗೆ ಎಸೆದ. ಗಾಯವಾಗಿದೆ, ಆಸ್ಪತ್ರೆಯಲ್ಲಿದ್ದಾನೆ ಎಂದು ಅದರಲ್ಲಿ ಇತ್ತಂತೆ. ನಮಗೆ ಗೊತ್ತಾದದ್ದು ಆಮೇಲೆ.

ಹನ್ನೊಂದು ದಿನದ ಕರ್ಮ ಮಾಡಿದರು. ಪಿಂಡ ಇಟ್ಟರು, ಕಾಗೆ ಮುಟ್ಟಿತು. ಊರೆಲ್ಲ ಉಂಡು ಹೋಯಿತು.

ಯುಗಾದಿಗೆ ನಾಲ್ಕು ದಿನ ಮುಂಚೆ, ಕಲ್ಯಾಣದುರ್ಗದ ಬಸ್ಸಿನಿಂದ ಇಳಿದು, ತಲೆಯ ಮೇಲೆ ಟ್ರಂಕು ಹೊತ್ತುಕೊಂಡು ನಿಮ್ಮಪ್ಪ ಕುಂಟುತ್ತಾ ಬಂದ. ಸೈನ್ಯದ ಡಾಕ್ಟರುಗಳು ಕೂತು ನೋಡಿ, ಈ ಕಾಲಿನಲ್ಲಿ ಇನ್ನು ಆಗುವುದಿಲ್ಲ ಎಂದು ಮರ್ಯಾದೆಯಿಂದ ಬಿಡುಗಡೆ ಮಾಡಿ ಕಳಿಸಿದ್ದರು. ಬರುತ್ತೇನೆ ಎಂದು ಅವನು ಬರೆದ ಕಾಗದ ಅವನು ಬಂದ ವಾರದ ಮೇಲೆ ಬಂತು. ಊರ ಬಾಗಿಲಲ್ಲಿ ಅವನನ್ನು ನೋಡಿದ ಹೆಂಗಸರು ಬಿಂದಿಗೆ ಬಿಟ್ಟು ಓಡಿದರು. ಅವನಿಗೇನು ಗೊತ್ತು ಪಾಪ, ನಗುತ್ತಾ ಬಂದ.

ಹಿರಿಯರು ಬಾಗಿಲಲ್ಲೇ ತಡೆದರು. ಪಿಂಡ ಇಡಿಸಿಕೊಂಡವನನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಅವನು ಮತ್ತೆ ಹುಟ್ಟಬೇಕು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬಿಸಾಕಿದ್ದು ಯಾರಿಗೂ ಬೇಡ ಎಂದು ಯಮನಿಗೆ ತೋರಿಸಿ, ಮೊರದಲ್ಲಿ ಎತ್ತಿಕೊಳ್ಳುತ್ತಾರಲ್ಲ, ಅದನ್ನೇ ಮಾಡಿದರು. ಇಪ್ಪತ್ತೆರಡು ವರ್ಷದ ಸಿಪಾಯಿಯನ್ನು, ಕಾಲಿಗೆ ಪಟ್ಟಿ ಕಟ್ಟಿಕೊಂಡವನನ್ನು, ತಿಪ್ಪೆಯ ಮೇಲೆ ಮಲಗಿಸಿದರು. ನಾನು ಮೊರ ಹಿಡಿದೆ. ಮೊರದಲ್ಲಿ ಹಿಡಿಸಿದ್ದು ಅವನ ತಲೆಯೊಂದೇ. ‘ಅಕ್ಕಾ, ಗೊಬ್ರ ಕಚ್ತೈತೆ, ಬ್ಯಾಗ ಎತ್ಕೊಳ್ಳೇ’ ಅಂದ. ನನಗೆ ನಗು, ಅಳು ಎರಡೂ ಬಂತು. ತೊಟ್ಟಿಲ ಹಾಡು ಹಾಡಿ ತಿಪ್ಪೇರುದ್ರಪ್ಪ ಎಂದು ಕಿವಿಯಲ್ಲಿ ಕೂಗಿದೆವು. ಹಳೆಯ ಹೆಸರು ಯಮನ ಪಟ್ಟಿಗೆ ಸೇರಿದ ಹೆಸರು. ಅದನ್ನು ಯಾರಾದರೂ ಬಾಯಿಬಿಟ್ಟು ಕರೆದರೆ ಯಮ ತಾನು ಬಿಟ್ಟುಹೋದವನನ್ನು ಹುಡುಕಿಕೊಂಡು ಬರುತ್ತಾನೆ. ಆ ಹೆಸರಿನ ವಸ್ತುಗಳೆಲ್ಲ ಕೆರೆಗೆ ಹೋಗಬೇಕು ಅಂದರು. ಸೈನ್ಯದ ಪುಸ್ತಕ, ಕಾಗದಗಳು, ಬಟ್ಟೆ, ಎಲ್ಲ ಹೋಯಿತು. ಅವ್ವ ಅವನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಆ ಹೆಸರಿನಲ್ಲಿ ಏನನ್ನೂ ಕೇಳಬಾರದು, ಯಾರಿಗೂ ಹೇಳಬಾರದು ಎಂದು ಆಣೆ ಮಾಡಿಸಿಕೊಂಡಳು. ಅವನು ಆಣೆ ಮುರಿಯಲಿಲ್ಲ. ಊರಿನಲ್ಲಿ ಆವತ್ತು ಇದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ಆಮೇಲೆ ಹುಟ್ಟಿದವರು ತಮಗೆ ತೋಚಿದ ಕತೆ ಕಟ್ಟಿದರು.

ಟ್ರಂಕು ಮಾತ್ರ ಗಟ್ಟಿ ತಗಡು. ಅದನ್ನು ಕೆರೆಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಹಸಿರು ಬಣ್ಣ ಬಳಿದು ಹುರುಳಿ ತುಂಬಿಟ್ಟೆ. ಈಗ ಹೋದ ವಾರ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದೆ. ಮುಚ್ಚಳದ ಮೇಲೆ ಬಿಳಿ ಅಕ್ಷರ ಬಂತು. ನನಗೆ ಇಂಗ್ಲಿಷ್ ಬರುವುದಿಲ್ಲ. ರಂಗೋಲಿ ನೋಡಿ ಬಿಡಿಸಿದ ಹಾಗೆ ಬೇರೆ ಹಾಳೆಯಲ್ಲಿ ಬಿಡಿಸಿದ್ದೇನೆ. ನಂಬರೂ ಇದೆ, ಹೆಸರೂ ಇದೆ. ಹೆಸರನ್ನು ಕನ್ನಡದಲ್ಲಿ ಬರೆಯಲು ನನಗೆ ಕೈ ಬರಲಿಲ್ಲ. ನೀನೇ ಓದಿಕೋ. ಬಾಯಿಬಿಟ್ಟು ಓದಬೇಡ.

ಕೊಂಡಮ್ಮ

*

ಹಿಂದೂಪುರ
15 ನವೆಂಬರ್ 2024

ಅತ್ತೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆಗಸ್ಟ್ ಹದಿನೈದಕ್ಕೆ ಕಲ್ಲಿನ ಕೆಲಸ ಮುಗಿದಿಲ್ಲ ಎಂದು ಹೇಳಿ ಅಮ್ಮನನ್ನು ತಡೆದಿದ್ದೆ, ಈಗ ಎಲ್ಲ ಓದಿ ಹೇಳಿದೆ. ಮೊರದಲ್ಲಿ ತಲೆಯೊಂದೇ ಹಿಡಿಸಿತು ಅನ್ನುವ ಕಡೆ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಲವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಒಂದು ಮಾತು ಹೇಳಲಿಲ್ಲವಲ್ಲ ಈ ಮನುಷ್ಯ ಎಂದು ಆಮೇಲೆ ಬೈದಳು.

ಹೆಸರು ಓದಿದೆ. ಸಿಪಾಯಿ ಗಂಗುಲಪ್ಪ. ಕ್ಷಮಿಸಿ ಅತ್ತೆ, ನಾನು ಬಾಯಿಬಿಟ್ಟೇ ಓದಿದೆ.

ನಂಬರನ್ನು ಗಂಗರಾಜು ಅವರಿಗೆ ಕೊಟ್ಟಾಗ ಅವರ ಮುಖವೇ ಬದಲಾಯಿತು. ಇದು ನಿಜವಾದ ನಂಬರ್, ಇದರ ಮೇಲೆ ಹುಡುಕಬಹುದು ಅಂದರು. ಆದರೆ ಗಂಗುಲಪ್ಪ, ತಿಪ್ಪೇರುದ್ರಪ್ಪ ಇಬ್ಬರೂ ಒಬ್ಬರೇ ಎಂದು ತೋರಿಸಬೇಕು. ಅರ್ಜಿಯನ್ನು ಹೆಂಡತಿಯೇ ಕೊಡಬೇಕು. ಅವರು ಫಾರಂ ತೆಗೆದು ತೆಲುಗಿನಲ್ಲಿ, ‘ಭರ್ತ ಪೇರು ಚೆಪ್ಪಮ್ಮಾ’ ಅಂದರು. ಅಮ್ಮ ನನ್ನ ಮುಖ ನೋಡಿದಳು. ಅವಳು ಯಾವತ್ತು ಗಂಡನ ಹೆಸರು ಹೇಳಿದ್ದಾಳೆ? ಅವರು ಮತ್ತೆ ಕೇಳಿದರು, ಮೊದಲಿನ ಹೆಸರೂ ಹೇಳಬೇಕು, ಆಮೇಲಿನದೂ ಹೇಳಬೇಕು ಅಂದರು. ಅಮ್ಮ, ‘ಒಂದ್ ಹೆಸ್ರೇ ಹೇಳಾಕಾಗಲ್ಲ, ನೀನು ಎರಡ್ ಹೇಳು ಅಂತೀಯಲ್ಲಪ್ಪ’ ಅಂದಳು. ಗಂಗರಾಜು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ನಾನೇ ಹೇಳಿದೆ, ಅಮ್ಮ ತಲೆಯಾಡಿಸಿದಳು, ಹೆಬ್ಬೆಟ್ಟು ಒತ್ತಿದಳು.

ಇನ್ನೊಂದು ಸಿಕ್ಕಿತು. ಐದು ವರ್ಷದ ಹಿಂದೆ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಾಗ ತೆಗೆಸಿದ ಎಕ್ಸ್‌ರೇ ಇತ್ತು. ಎಡತೊಡೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಮೂರು ಬಿಳಿ ಚುಕ್ಕೆ. ಡಾಕ್ಟರ್ ಕೇಳಿದ್ದಕ್ಕೆ ಅಪ್ಪ, ಚಿಕ್ಕವನಿದ್ದಾಗ ಮೊಳೆ ಚುಚ್ಚಿತ್ತು ಅಂದಿದ್ದರು. ನಾನು ನಂಬಿದ್ದೆ ನೋಡಿ. ಎಲ್ಲ ಸೇರಿಸಿ ಕಳಿಸಿದ್ದೇವೆ. ಹೆಸರು ಸರಿಮಾಡಿ, ದಾಖಲೆ ತಿಳಿಸಿ ಎಂದಷ್ಟೇ ಕೇಳಿದ್ದೇವೆ. ಓಡಿಬಂದವನು ಎಂದು ಎಲ್ಲಾದರೂ ಬರೆದಿರಬಹುದೇ ಎಂಬ ಹೆದರಿಕೆ ನನಗೆ ಇನ್ನೂ ಹೋಗಿಲ್ಲ.

ಉಮಾ

*

ಹಿಂದೂಪುರ
6 ಫೆಬ್ರವರಿ 2025

ಅತ್ತೆ,

ಓಡಿಬಂದಿಲ್ಲ. ನಮ್ಮಪ್ಪ ಓಡಿಬಂದಿಲ್ಲ.

ರೆಕಾರ್ಡ್ ಆಫೀಸಿನಿಂದ ಉತ್ತರ ಬಂದಿದೆ. ಗಂಗರಾಜು ಅವರು ಓದಿ, ಸಾಲು ಸಾಲಾಗಿ ಬಿಡಿಸಿ ಹೇಳಿದರು. ಯುದ್ಧದಲ್ಲಿ ಎಡತೊಡೆಗೆ ಶೆಲ್ಲಿನ ಚೂರು ಹೊಕ್ಕು ಗಾಯ, ವೈದ್ಯಕೀಯ ಕಾರಣದಿಂದ ಬಿಡುಗಡೆ, ನಡತೆ ಬಹಳ ಒಳ್ಳೆಯದು. ಬಹಳ ಒಳ್ಳೆಯದು ಅನ್ನುವುದನ್ನು ನಾನು ಎರಡು ಸಲ ಓದಿಸಿದೆ. ಅಂಗಡಿಗೆ ವಾಪಸ್ಸು ಬಂದು ಯೂನಿಫಾರಂ ಹೊಲಿಯಲು ಕೂತರೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ. ಬಾಗಿಲು ಎಳೆದುಕೊಂಡು ಅತ್ತುಬಿಟ್ಟೆ.

ಇಷ್ಟಕ್ಕೇ ಮುಗಿಯಲಿಲ್ಲ. ಅಪ್ಪನಿಗೆ ಎರಡು ಪದಕ ಬಂದಿದ್ದವು. ಯುದ್ಧದಲ್ಲಿ ಇದ್ದವರಿಗೆ ಕೊಡುವುದು ಒಂದು, ಗಾಯಗೊಂಡವರಿಗೆ ಕೊಡುವುದು ಇನ್ನೊಂದು. 1975ರಲ್ಲಿ ರಿಜಿಸ್ಟರ್ ಪೋಸ್ಟಿನಲ್ಲಿ ಊರಿಗೆ ಕಳಿಸಿದ್ದಾರೆ. ‘ವಿಳಾಸದಾರ ಮೃತನಾಗಿದ್ದಾನೆ, ಮನೆಯವರು ವಾಪಸ್ಸು ಕಳಿಸಿದ್ದಾರೆ’ ಎಂದು ಬರೆದು ಅದು ತಿರುಗಿ ಹೋಗಿದೆ. ಅದಕ್ಕೇ ದಾಖಲೆಯಲ್ಲಿ ಅಪ್ಪ ಎಪ್ಪತ್ತೈದರಲ್ಲೇ ಸತ್ತಿದ್ದಾರೆ. ಆಮೇಲೆ ಯಾರೂ ಏನೂ ಕಳಿಸಿಲ್ಲ.

ಅವರ ತಪ್ಪಿಲ್ಲ, ಮನೆಯವರೇ ಹಾಗೆ ಹೇಳಿದ್ದಾರೆ. ನಮ್ಮಜ್ಜಿಯೇ ಇರಬೇಕು, ಅಲ್ಲವಾ? ಆ ಆಣೆಯನ್ನು ಇಡಿಸಿಕೊಂಡವಳು ಅವಳೇ. ಸತ್ತವಳನ್ನು ಬೈಯಬಾರದು, ಆದರೂ ಅವತ್ತೆಲ್ಲ ಬೈದೆ. ಜೀವಂತ ಇರುವ ಮಗನನ್ನು ಸತ್ತ ಎನ್ನಲು ಯಾವ ತಾಯಿಗೆ ಬಾಯಿ ಬರುತ್ತದೆ?

ಈಗ ಸಾವಿನ ವರ್ಷ ತಿದ್ದಿಸಬೇಕು, ಹೆಸರು ಸೇರಿಸಬೇಕು, ಆಮೇಲೆ ಪದಕ ಕೇಳಬೇಕು. ಅದಕ್ಕೆ ಆ ಪಾರ್ಸೆಲ್ ಯಾಕೆ ತಿರುಗಿತು ಎಂದು ತಿಳಿದವರು ಒಬ್ಬರು ಅಫಿಡವಿಟ್ ಬರೆದುಕೊಡಬೇಕಂತೆ. ಆವತ್ತು ಆ ಮನೆಯಲ್ಲಿದ್ದವರಲ್ಲಿ ಬದುಕಿರುವವರು ನೀವೊಬ್ಬರೇ. ಅಜ್ಜಿ ಮಾಡಿದ್ದನ್ನು ನೋಡಿದ್ದೇನೆ ಎಂದು ಬರೆದುಕೊಟ್ಟರೆ ಸಾಕು.

ಉಮಾ

*

ಕಲ್ಯಾಣದುರ್ಗ
1 ಮಾರ್ಚ್ 2025

ಉಮಾ,

ನಿಮ್ಮಜ್ಜಿಯನ್ನು ಬೈಯಬೇಡ. ಅವಳು ಅವತ್ತು ಹೊಲದಲ್ಲಿದ್ದಳು. ಸತ್ತ ಅಂದವಳು ನಾನು.

ಹೋದ ಕಾಗದದಲ್ಲಿ ಎಲ್ಲ ಬರೆದೆ, ಇದೊಂದನ್ನು ನುಂಗಿಕೊಂಡೆ. ಅದು ಯಾವ ಕಾಗದದಲ್ಲೂ ಇರಲಾರದು ಅಂದುಕೊಂಡಿದ್ದೆ. ಸರ್ಕಾರದವರು ಬರೆದಿಟ್ಟುಕೊಂಡಿದ್ದಾರಲ್ಲಮ್ಮ.

ಆ ವಾರ ನಿಮ್ಮಪ್ಪನ ಕಾಲು ಊದಿ, ಕೀವು ಕಟ್ಟಿ, ಜ್ವರ ಏರಿತ್ತು. ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ನಾನು ಒಬ್ಬಳೇ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ. ಅಷ್ಟರಲ್ಲಿ ಪೋಸ್ಟಿನ ಓಬಳಪ್ಪ ಅಂಗಳಕ್ಕೆ ಬಂದು, ರಿಜಿಸ್ಟರು ನೋಡಿ, ಆ ಹಳೆಯ ಹೆಸರನ್ನು ಗಟ್ಟಿಯಾಗಿ ಕೂಗಿದ. ಒಂದು ಸಲವಲ್ಲ, ಎರಡು ಸಲ. ಮೂರು ವರ್ಷ ಯಾರೂ ಉಸಿರೆತ್ತದ ಹೆಸರು. ಒಳಗೆ ಇವನು ನರಳಿದ. ಹೊರಗೆ ಓಡಿಹೋಗಿ ಓಬಳಪ್ಪನ ಬಾಯಿಗೆ ಕೈ ಅಡ್ಡ ಹಿಡಿದೆ. ‘ಅವ್ನು ಸತ್ತೋದ, ಇಲ್ಲಿಲ್ಲ, ತಗೊಂಡೋಗು’ ಅಂದೆ. ಅವನಿಗೇನು ಗೊತ್ತಿರಲಿಲ್ಲವೇ? ಹನ್ನೊಂದನೆಯ ದಿನ ನಮ್ಮ ಮನೆಯಲ್ಲಿ ಉಂಡವನೇ. ನನ್ನ ಮುಖ ನೋಡಿ, ನಾನು ಹೇಳಿದ ಹಾಗೇ ಬರೆದುಕೊಂಡು ಹೋದ.

ಸಂಜೆಗೆ ಕೀವು ಒಡೆಯಿತು, ಜ್ವರ ಇಳಿಯಿತು. ಗಂಜಿ ಕೇಳಿದ. ನಾನು ಗೆದ್ದೆ ಅಂದುಕೊಂಡೆ.

ಮಾರನೆಯ ವರ್ಷದಿಂದ ನೋಡಿದೆ, ಓಬಳಪ್ಪನ ಸೈಕಲ್ಲಿನ ಗಂಟೆ ಕೇಳಿದರೆ ನಿಮ್ಮಪ್ಪ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ತನಗೆ ಏನೋ ಬರಬೇಕು ಎಂದು ಯಾರೋ ಜೊತೆಯವನು ಹೇಳಿದ್ದನಂತೆ. ಬಾಯಿಬಿಟ್ಟು ಕೇಳುವ ಹಾಗಿಲ್ಲ, ಆಣೆ ಇದೆಯಲ್ಲ. ಸುಮ್ಮನೆ ಕೂರುತ್ತಿದ್ದ. ಓಬಳಪ್ಪ ಅವನ ಮುಖ ನೋಡದೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ನಾಲ್ಕೈದು ವರ್ಷ ಕೂತ. ಆಮೇಲೆ ಬಿಟ್ಟ. ನಾನು ಹೇಳಲಿಲ್ಲ ಕಣಮ್ಮ. ಹೋದ ವರ್ಷದ ಜನವರಿಯಲ್ಲಿ ಅವನ ಬಾಯಿಗೆ ನೀರು ಬಿಡುವಾಗಲೂ ಹೇಳಲಿಲ್ಲ.

ಆ ಜ್ವರದ ಮೇಲೆ ಅವನು ನಲವತ್ತೊಂಬತ್ತು ವರ್ಷ ಬದುಕಿದ. ಅದು ನನ್ನ ಕೈಯಿಂದ ಆಯಿತೋ, ಡಾಕ್ಟರ ಸೂಜಿಯಿಂದ ಆಯಿತೋ, ನನಗೆ ಗೊತ್ತಿಲ್ಲ. ನಾನು ಮಾಡಿದ್ದು ತಪ್ಪೋ ಸರಿಯೋ ನೀನೇ ಹೇಳು. ತಪ್ಪು ಅಂದರೂ ನಿನ್ನ ಮೇಲೆ ಬೇಜಾರಿಲ್ಲ. ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಕೊಂಡಮ್ಮ

*

ಹಿಂದೂಪುರ
7 ಮಾರ್ಚ್ 2025

ಅತ್ತೆ,

ನಿಮ್ಮ ಕಾಗದ ಇವತ್ತೇ ಸಿಕ್ಕಿತು, ಇವತ್ತೇ ಬರೆಯುತ್ತಿದ್ದೇನೆ. ನೀವು ಇನ್ನೊಂದು ದಿನ ಕಾಯಬಾರದು.

ನಾನೂ ಒಂದನ್ನು ನುಂಗಿಕೊಂಡಿದ್ದೇನೆ. ಆ ಸಂಬಂಧ ತಪ್ಪಿದ ದಿನ ನಾನು ಅಪ್ಪನ ಎದುರು ನಿಂತು, ಓಡಿಬಂದವನ ಹೊಟ್ಟೆಯಲ್ಲಿ ಹುಟ್ಟಿದ್ದೇ ನನ್ನ ಪಾಪ ಅಂದೆ. ಅಪ್ಪ ಆಗಷ್ಟೇ ರೇಷ್ಮೆಗೂಡಿನ ಮಾರ್ಕೆಟ್ಟಿನ ವಾಚ್‌ಮನ್ ಕೆಲಸದಿಂದ ಬಂದು ಕೈಕಾಲು ತೊಳೆದಿದ್ದರು. ಆಣೆ ಇಡಿಸಿಕೊಂಡ ಅಜ್ಜಿ ಸತ್ತು ನಾಲ್ಕು ವರ್ಷವಾಗಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸಿ, ‘ಊಟ ಮಾಡು ಕಣಮ್ಮ, ಆರೋಯ್ತದೆ’ ಅಂದರು. ಇಪ್ಪತ್ತಾರು ವರ್ಷದಿಂದ ನನಗೆ ಆ ತಟ್ಟೆ ಕಾಣುತ್ತದೆ. ಓಡಿಬಂದಿಲ್ಲ ಎಂದು ಸರ್ಕಾರದ ಕಾಗದದಲ್ಲಿ ನೋಡಬೇಕೆಂದು ನಾನು ಹಟ ಹಿಡಿದದ್ದು ಕಲ್ಲಿಗಾಗಿ ಅಲ್ಲ, ಅಮ್ಮನಿಗಾಗಿಯೂ ಅಲ್ಲ. ಆ ಮಾತಿಗಾಗಿ.

ತಪ್ಪೋ ಸರಿಯೋ ಎಂದು ನನ್ನನ್ನು ಕೇಳಿದ್ದೀರಿ. ಎಪ್ಪತ್ತೈದರಲ್ಲಿ ಅಪ್ಪ ಹೋಗಿದ್ದರೆ ನಾನು ಹುಟ್ಟುತ್ತಿರಲಿಲ್ಲ. ನನ್ನನ್ನು ಕೇಳಿದರೆ ನಾನು ಏನು ಹೇಳುತ್ತೇನೆ ಹೇಳಿ. ನೀವು ಬಾಗಿಲಲ್ಲಿ ಅಡ್ಡ ನಿಂತಿರಿ. ಒಂದು ಪೆಟ್ಟಿಗೆ ತಿರುಗಿ ಹೋಯಿತು, ಅಪ್ಪ ಉಳಿದರು. ಅದು ಮತ್ತೆ ಬರುತ್ತದೆ, ತರಿಸುತ್ತೇನೆ.

ಅಫಿಡವಿಟ್ಟಿನ ಕರಡನ್ನು ಗಂಗರಾಜು ಕನ್ನಡದಲ್ಲೂ ಬರೆಸಿದ್ದಾರೆ, ಜೊತೆಗಿದೆ. ನಡೆದದ್ದು ನಡೆದ ಹಾಗೇ ಇದೆ, ತಿಪ್ಪೆ, ಮೊರ, ಓಬಳಪ್ಪ ಎಲ್ಲ. ಓದಿ, ಒಪ್ಪಿದರೆ ಓಬುಳೇಶ್ ಬಾವನ ಜೊತೆ ನೋಟರಿ ಹತ್ತಿರ ಹೋಗಿ ಸಹಿ ಮಾಡಿ. ಅದರಲ್ಲಿ ಆ ಹೆಸರು ಏಳು ಕಡೆ ಇದೆ. ಈಗ ಅಪ್ಪ ನಿಜವಾಗಿಯೂ ಹೋಗಿದ್ದಾರೆ ಅತ್ತೆ. ಇನ್ನು ಕರೆದರೆ ಯಮ ಬಂದು ಯಾರನ್ನು ಹುಡುಕುತ್ತಾನೆ?

ಉಮಾ

*

ಕಲ್ಯಾಣದುರ್ಗ
24 ನವೆಂಬರ್ 2025

ಅಮ್ಮಣ್ಣಿ ಉಮಾದೇವಿಗೆ,

ಬೆಳಿಗ್ಗೆ ಹತ್ತಕ್ಕೆ ಬಂತು. ಹನ್ನೊಂದಕ್ಕೆ ಬರೆಯಲು ಕೂತಿದ್ದೇನೆ. ಸೊಸೆ ಊಟಕ್ಕೆ ಕರೆಯುತ್ತಿದ್ದಾಳೆ, ಕೇಳಿಸದ ಹಾಗೆ ಇದ್ದೇನೆ. ಕಿವುಡಿಗೆ ಇದೊಂದು ಸುಖ.

ನೀನು ಕಿಲಾಡಿ. ಪಾರ್ಸೆಲ್ಲನ್ನು ಹಿಂದೂಪುರಕ್ಕೆ ತರಿಸದೆ ನನ್ನ ವಿಳಾಸ ಕೊಟ್ಟಿದ್ದೀಯ. ಒಂದು ಮಾತು ಮೊದಲೇ ತಿಳಿಸಬಾರದಿತ್ತೇ? ದಾಖಲೆ ತಿದ್ದಿದರು, ಎರಡು ಹೆಸರೂ ಸೇರಿಸಿದರು, ಸಾವಿನ ವರ್ಷ ಸರಿಮಾಡಿದರು ಎಂದೆಲ್ಲ ನೀನು ಬರೆದೆ. ಇದನ್ನು ಮಾತ್ರ ಮುಚ್ಚಿಟ್ಟೆ.

ಅಫಿಡವಿಟ್ಟಿಗೆ ಸಹಿ ಹಾಕಿದ ದಿನದ ಒಂದು ವಿಷಯ ನಿನಗೆ ಬರೆದಿರಲಿಲ್ಲ. ನೋಟರಿಯವನು ತಮ್ಮನ ಹೆಸರೇನು ಎಂದು ಕೇಳಿದ. ನಾನು ಕಾಗದದ ಮೇಲೆ ಬೆರಳಿಟ್ಟು ತೋರಿಸಿದೆ, ಬಾಯಿ ಬಿಡಲಿಲ್ಲ. ಐವತ್ತು ವರ್ಷದ ಅಭ್ಯಾಸ, ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಈಗ ನಮ್ಮ ಬೀದಿಗೆ ಪೋಸ್ಟು ತರುವುದು ಭಾರ್ಗವಿ ಅಂತ ಒಬ್ಬಳು ಹೆಣ್ಣುಮಗಳು, ಸ್ಕೂಟಿಯಲ್ಲಿ ಬರುತ್ತಾಳೆ. ಇವತ್ತು ಬಂದು ನಿಂತು ಏನೋ ಕೇಳಿದಳು. ನಾನು ಕಿವಿ ತೋರಿಸಿದೆ. ಪಾರ್ಸೆಲ್ಲಿನ ಮೇಲಿನ ವಿಳಾಸವನ್ನು ನನ್ನ ಮುಖದ ಮುಂದೆ ಹಿಡಿದಳು. ಇಂಗ್ಲಿಷ್ ಅಕ್ಷರ. ಅದರಲ್ಲಿ ಒಂದು ಸಾಲು ನನಗೆ ಗುರುತು ಸಿಕ್ಕಿತು. ನಾನೇ ಟ್ರಂಕಿನಿಂದ ನೋಡಿ ಬಿಡಿಸಿದ್ದಲ್ಲವೇ? ಪೋಲಮ್ಮ ಯಾರು ಎಂದು ಕೇಳುತ್ತಿದ್ದಾಳೆ ಎಂದು ತುಟಿ ನೋಡಿ ತಿಳಿದುಕೊಂಡೆ. ನಾದಿನಿ, ಹಿಂದೂಪುರದಲ್ಲಿದ್ದಾಳೆ, ನನ್ನ ಮನೆಯ ವಿಳಾಸಕ್ಕೆ ಹಾಕಿಸಿದ್ದಾಳೆ ಅಂದೆ. ಅವಳು ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದಳು. ಹಾಗಾದರೆ ಇವರು ಯಾರು?

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಮಿಲ್ಲಿಗೆ ರಾಗಿ ತಂದ ಜನ ಸಾಲಾಗಿ ನಿಂತಿದ್ದರು. ಒಂದು ಗಳಿಗೆ ಒಳಗೆ ತಿರುಗಿ ನೋಡಿದೆ, ಅಲ್ಲಿ ಜ್ವರದಲ್ಲಿ ಮಲಗಿರುವವನು ಯಾರೂ ಇರಲಿಲ್ಲ. ಅವನು ಎಲ್ಲ ಮುಗಿಸಿ, ವಯಸ್ಸಾಗಿ, ಮಗಳ ಮನೆಯಲ್ಲಿ, ಹಾಸಿಗೆಯ ಮೇಲೆ ಹೋದ.

‘ಗಂಗುಲಪ್ಪ ನನ್ ತಮ್ಮ ಕಣಮ್ಮ,’ ಅಂದೆ. ‘ಅವ್ನಿಲ್ಲ. ನಾನಿದ್ದೀನಿ. ಕೊಡು ಇಲ್ಲಿ.’

ಕಿವುಡಿಯಲ್ಲವೇ, ನನಗೆ ನನ್ನ ದನಿಯ ಅಳತೆ ತಿಳಿಯುವುದಿಲ್ಲ. ಕೂಗಿಬಿಟ್ಟೆನಂತೆ. ಮಿಲ್ಲಿನ ಸದ್ದಿನಲ್ಲೂ ಓಬುಳೇಶನಿಗೆ ಕೇಳಿಸಿತಂತೆ, ಮೋಟಾರು ನಿಲ್ಲಿಸಿ ಹೊರಗೆ ಓಡಿಬಂದ. ಬಂದು ನೋಡಿದರೆ ಅವನ ತಾಯಿ ಸಹಿ ಹಾಕುತ್ತಾ ನಿಂತಿದ್ದಾಳೆ.

ಪೆಟ್ಟಿಗೆಯ ನಾಲ್ಕು ಮೂಲೆಯನ್ನೂ ತಿರುಗಿಸಿ ನೋಡಿದೆ. ಒಂದೂ ಹರಿದಿಲ್ಲ. ಹೊಸ್ತಿಲು ದಾಟಿಸಿ ಒಳಗೆ ತಂದು ಹುರುಳಿ ಟ್ರಂಕಿನ ಮೇಲೆ ಇಟ್ಟಿದ್ದೇನೆ. ಬಿಚ್ಚಿಲ್ಲ. ನೀನೂ ಪೋಲಮ್ಮನೂ ಬನ್ನಿ. ಗಂಗರಾಜು ಎಂಬ ಆ ಪುಣ್ಯಾತ್ಮನನ್ನೂ ಕರೆದುಕೊಂಡು ಬಾ, ಸಂಡಿಗೆ ಕರಿದು ಇಡುತ್ತೇನೆ. ಅಲ್ಲಿನ ಕಲ್ಲಿನ ಮೇಲೆ ಎರಡು ಹೆಸರನ್ನೂ ಕೆತ್ತುತ್ತಾರಂತಲ್ಲ, ಅದನ್ನು ನೋಡಲು ನಾನೇ ಬತ್ತೀನಿ, ಮೊಣಕಾಲನ್ನೂ ಕರೆದುಕೊಂಡು.

ಪೆಟ್ಟಿಗೆ ಬಿಚ್ಚುವಾಗ ಅವನ ಹೆಸರನ್ನು ಒಂದು ಸಲ ಯಾರಾದರೂ ಕರೆಯಬೇಕು. ಪೋಲಮ್ಮನ ಬಾಯಲ್ಲಿ ಬರುವುದಿಲ್ಲ, ಅವಳನ್ನು ಬಲವಂತ ಮಾಡಬೇಡ. ನಾನೇ ಕರೆಯುತ್ತೇನೆ.

ಗಂಗುಲಪ್ಪನ ಅಕ್ಕ
ಕೊಂಡಮ್ಮ